ಮಿಲಿಟ್ರಿ ಕಾಕಾನ ಉದ್ರಿ ಪುಸ್ತಕ

ನಮ್ಮೂರಿನ ಮಿಲಿಟ್ರಿ ಕಾಕಾ ಹೋದ ತಿಂಗಳು ತೀರಿಕೊಂಡರು. ವಯಸ್ಸು ಎಪ್ಪತ್ತೈದರ ಆಸುಪಾಸು. ಧಾರವಾಡ ಜಿಲ್ಲೆಯ ಒಂದು ಊರಿನ ಒಂದು ಓಣಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದವರು. ಪೇಪರಿನಲ್ಲಿ ಸುದ್ದಿ ಬರುವಂಥ ದೊಡ್ಡ ಮನುಷ್ಯರೇನಲ್ಲ, ಬರಲೂ ಇಲ್ಲ. ಆದರೆ ಅವರು ಹೋದಮೇಲೆ ಊರಲ್ಲಿ ನಡೆದ ಮಾತುಕತೆ, ವಾಟ್ಸಾಪಿನಲ್ಲಿ ಹರಿದಾಡಿದ ಮೆಸೇಜುಗಳು ಇವನ್ನೆಲ್ಲ ನೋಡಿ ಒಂದಷ್ಟು ಬರೆದುಬಿಡಬೇಕು ಅನ್ನಿಸಿತು. ಬಹಳ ದಿನದಿಂದ ಈ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೈಸೂರು, ಮಂಡ್ಯದ ಕಡೆಯ ಗೆಳೆಯರಿಗೆ 'ಮಿಲಿಟ್ರಿ' ಅಂದ ಕೂಡಲೇ ಮಿಲಿಟ್ರಿ ಹೋಟೆಲ್ಲು, ಮುದ್ದೆ, ಮಟನ್ ಸಾರು ನೆನಪಾಗಬಹುದು :-) ಇದು ಅದಲ್ಲ. ನಮ್ಮ ಕಾಕಾ ನಿಜವಾದ ಮಿಲಿಟ್ರಿಯವರು. 1968ರಲ್ಲಿ, ಹದಿನೆಂಟನೇ ವಯಸ್ಸಿಗೆ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫಂಟ್ರಿಗೆ ಸೇರಿದರು. 1985ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದರು. ಮರು ವರ್ಷ ಅಂಗಡಿ ಇಟ್ಟರು. ಹದಿನೇಳು ವರ್ಷ ಸೈನ್ಯ, ಹತ್ತಿರ ಹತ್ತಿರ ನಲವತ್ತು ವರ್ಷ ಅಂಗಡಿ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ.

ಅವರು ತೀರಿಕೊಂಡ ದಿನ ಸಂಜೆಯಷ್ಟೊತ್ತಿಗೆ ಊರಿನ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಕಾಕಾನ ಹಳೆಯ ಫೋಟೋಕ್ಕೆ ಹಿಂದೆ ಒಂದು ಟ್ಯಾಂಕು, ಪಕ್ಕದಲ್ಲಿ ಒಂದು ಹುಲಿ, ಮೇಲೆ ತ್ರಿವರ್ಣ. ಕೆಳಗೆ, ಯುದ್ಧದಲ್ಲಿ ಇಷ್ಟು ಮಂದಿ ವೈರಿಗಳನ್ನು ಕೊಂದ ವೀರ ಅಂತ ಒಂದು ಸಂಖ್ಯೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿದರೆ ಹಾಕಿದ ಹುಡುಗನಿಗೂ ಗೊತ್ತಿಲ್ಲ. ಮರುದಿನ ಅದು ಪಕ್ಕದೂರಿನ ಗ್ರೂಪಿಗೆ ಹೋಗುವಾಗ ಇನ್ನೂ ಹತ್ತು ಹೆಚ್ಚಾಗಿತ್ತು!

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅಭಿಮಾನ ಇತ್ತು, ಹಾಕಿದರು. ಆದರೆ ಕಾಕಾ ಬದುಕಿದ್ದಾಗ ಯುದ್ಧದ ಬಗ್ಗೆ ಎಷ್ಟು ಕೇಳಿದರೂ ಒಂದು ಮಾತೂ ಹೀಗೆ ಹೇಳಿದವರಲ್ಲ. ಅವರ ಪಲ್ಟಣ ಒಂದನೇ ಮರಾಠಾ, ಅಂದರೆ ಜಂಗಿ ಪಲ್ಟಣ. 1971ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಜಮಾಲ್‌ಪುರದ ಕಾಳಗದಲ್ಲಿತ್ತು. ಓದಿದವರಿಗೆ ಆ ಕಾಳಗದ ಪತ್ರದ ಕಥೆ ಗೊತ್ತಿರಬಹುದು. ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಒಬ್ಬ ಸ್ಥಳೀಯ ಮನುಷ್ಯನ ಕೈಯಲ್ಲಿ ಪತ್ರ ಕಳಿಸಿದರೆ, ಆ ಕಡೆಯ ಪಾಕಿಸ್ತಾನಿ ಅಧಿಕಾರಿ ಉತ್ತರದ ಕಾಗದದ ಜತೆಗೆ ಒಂದು ಗುಂಡು ಇಟ್ಟು ಕಳಿಸಿದ. ಜಂಗಿ ಪಲ್ಟಣ ಬ್ರಹ್ಮಪುತ್ರ ದಾಟಿ ಊರಿನ ದಕ್ಷಿಣಕ್ಕೆ ಹೋಗಿ ರಸ್ತೆ ಕಟ್ಟಿ ಕೂತಿತ್ತು. ಡಿಸೆಂಬರ್ 10ರ ರಾತ್ರಿ ಆ ಕಡೆಯವರು ಅದೇ ರಸ್ತೆಯಲ್ಲಿ ನುಗ್ಗಿ ಪಾರಾಗಲು ನೋಡಿದರು, ಬಹಳ ಜನ ಸತ್ತರು. 11ರಂದು ಉಳಿದವರು ಶರಣಾದರು. ಐದು ದಿನ ಬಿಟ್ಟು, 16ರಂದು ಢಾಕಾದಲ್ಲಿ ಯುದ್ಧವೇ ಮುಗಿಯಿತು.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದು, ಕಾಕಾ ಹೇಳಿದ್ದಲ್ಲ. ಓದಿ ಬಂದು ಒಂದು ಸಲ ಉತ್ಸಾಹದಿಂದ ಕೇಳಿದೆ. ಅವರು ಸಕ್ಕರೆ ಪುಡಿಕೆ ಕಟ್ಟುತ್ತಾ ಹೇಳಿದ್ದು ಇಷ್ಟೇ:

"ರಾತ್ರಿ ಭಾಳ ಥಂಡಿ ಇತ್ತು ತಮ್ಮಾ. ಬೂಟು ಹಸಿ ಆಗಿದ್ವು. ಅಲ್ಲಿ ಹಳ್ಳ್ಯಾನ ಮಂದಿ ದೋಣಿ ಕೊಟ್ರು, ನಮ್ಮ ಸಾಮಾನು ಹೊತ್ರು. ಅವ್ರ ಮನ್ಯಾಗ ಉಣ್ಣಾಕ ಇರ್ಲಿಲ್ಲ, ಆದ್ರೂ ನಮಗ ಚುರುಮರಿ ಬೆಲ್ಲ ಕೊಟ್ರು."

ಆ ಕಡೆಯವರ ಬಗ್ಗೆ ಕೇಳಿದರೆ, "ಅವ್ರೂ ನಮ್ಮಂಗ ಹುಡುಗ್ರ ಇದ್ರು" ಅಂದರು. ಮುಂದೆ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಚುರುಮರಿ ಬೆಲ್ಲ ಕೊಟ್ಟವರನ್ನು ಐವತ್ತು ವರ್ಷ ನೆನಪಿಟ್ಟುಕೊಂಡ ಮನುಷ್ಯನನ್ನು ನಾವು ಹುಲಿ ಪಕ್ಕದಲ್ಲಿ ನಿಲ್ಲಿಸಿದೆವು.

ಇನ್ನೊಂದು ಗಲಾಟೆ ಅಂತ್ಯಕ್ರಿಯೆಯ ಹೊತ್ತಿಗೆ ಆಯಿತು. ಹುಡುಗರು ಎಲ್ಲಿಂದಲೋ ದೊಡ್ಡ ಧ್ವಜ ತಂದು ಹೊದಿಸಲು ಹೊರಟರು. ಪಕ್ಕದೂರಿನಿಂದ ಬಂದಿದ್ದ ಇನ್ನೊಬ್ಬ ಮಾಜಿ ಸೈನಿಕರು ಬೇಡ ಅಂತ ತಡೆದರು. 2002ರ ಧ್ವಜ ಸಂಹಿತೆ ಪ್ರಕಾರ ಸರ್ಕಾರಿ ಗೌರವದ, ಸೈನ್ಯದ ಮತ್ತು ಕೇಂದ್ರ ಅರೆಸೇನಾ ಪಡೆಗಳ ಅಂತ್ಯಕ್ರಿಯೆಗೆ ಬಿಟ್ಟು ಬೇರೆ ಯಾರ ಮೇಲೂ ರಾಷ್ಟ್ರಧ್ವಜ ಹೊದಿಸುವಂತಿಲ್ಲ. ಇದನ್ನೇ ಅವರು ಹೇಳಿದ್ದು. ಹುಡುಗರಿಗೆ ಅವಮಾನ ಆದಂಗಾಯ್ತು. "ಹಂಗಾದ್ರ ಇವರು ದೇಶಕ್ಕ ಏನೂ ಮಾಡಿಲ್ಲೇನು?" ಅಂತ ಒಬ್ಬ ಕೂಗಾಡಿದ. ಕೊನೆಗೆ ಮನೆಯವರು ಮಡಚಿ ಒಳಗಿಡಿ ಅಂದಮೇಲೆ ತಣ್ಣಗಾಯಿತು.

ಆ ಹುಡುಗನ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಏನು ಮಾಡಿದರು ಅನ್ನುವುದಕ್ಕೆ ನಮಗೆಲ್ಲ ಗೊತ್ತಿರುವ ಉತ್ತರ ಒಂದೇ, ಯುದ್ಧ. ಯುದ್ಧದಲ್ಲಿ ಸತ್ತವರಿಗೆ ಹುತಾತ್ಮ ಅನ್ನುತ್ತೇವೆ, ವೃತ್ತಕ್ಕೆ ಹೆಸರಿಡುತ್ತೇವೆ. ಅದು ಸರಿಯೇ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿ ಆರು ದಿನ ಬದುಕಿದ್ದು ಆಮೇಲೆ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ರಾಜ್ಯ ಅತ್ತಿತು. ನಮ್ಮದೇ ಜಿಲ್ಲೆಯ ಕುಂದಗೋಳ ತಾಲೂಕಿನವರು. ಅವರನ್ನು ಮರೆಯುವವರಿಲ್ಲ, ಮರೆಯಬಾರದು. ಆದರೆ ಸಾಯದೆ ಮರಳಿ ಬಂದವರು? ಮೂವತ್ತೈದನೇ ವಯಸ್ಸಿಗೆ ಟ್ರಂಕು ಹೊತ್ತು ಬಸ್ಸಿಳಿದು ಬಂದು, ಆಮೇಲೆ ನಲವತ್ತು ವರ್ಷ ನಮ್ಮ ನಡುವೆಯೇ ಬದುಕಿದವರು? ಅವರನ್ನು ನೆನೆಯುವಾಗಲೂ ನಾವು ಮತ್ತೆ ಆ ಹದಿನೇಳು ವರ್ಷಕ್ಕೇ ಓಡುತ್ತೇವೆ. ನಾವು ಕಣ್ಣಾರೆ ಕಂಡ ನಲವತ್ತು ವರ್ಷ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ನಾನು ಆ ನಲವತ್ತು ವರ್ಷದ ಬಗ್ಗೆ ಬರೆಯುತ್ತೇನೆ.

ಅಂಗಡಿ ಬೆಳಿಗ್ಗೆ ಐದೂವರೆಗೆ ತೆರೆಯುತ್ತಿತ್ತು. ಐದೂವರೆ ಅಂದರೆ ಐದೂವರೆ. ಹಾಲಿನವನು ತಡಮಾಡಬಹುದು, ಬಸ್ಸು ತಡಮಾಡಬಹುದು, ಕಾಕಾ ಮಾಡುತ್ತಿರಲಿಲ್ಲ. ಮೊದಲು ತಮ್ಮ ಅಂಗಡಿ ಮುಂದೆ ಕಸ ಹೊಡೆದು, ಅದೇ ಕಸಬರಿಗೆಯಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಮನೆಯ ಮುಂದಿನದನ್ನೂ ಹೊಡೆಯುತ್ತಿದ್ದರು. ಒಳಗೆ ಡಬ್ಬಿಗಳು ಒಂದೇ ಸಾಲಿನಲ್ಲಿ, ಪರೇಡಿಗೆ ನಿಂತಂತೆ. ಪುಟಾಣಿ, ಅವಲಕ್ಕಿ, ಶೇಂಗಾ, ಬೆಲ್ಲ, ಚಹಾಪುಡಿ... ಕಣ್ಣು ಮುಚ್ಚಿ ಕೈಹಾಕಿದರೂ ಬೇಕಾದದ್ದು ಸಿಗುತ್ತಿತ್ತು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧ ಮಾಡಿತಲ್ಲ, ಅದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಅದನ್ನು ಇಡುವುದು ನಿಲ್ಲಿಸಿದ್ದರು. ಕಿರಾಣಿ ಅಂಗಡಿಯಲ್ಲಿ ಹೆಚ್ಚು ಲಾಭ ಕೊಡುವ ಮಾಲು ಅದು. ಯಾಕೆ ಅಂತ ಯಾರಿಗೂ ಭಾಷಣ ಮಾಡಲಿಲ್ಲ. ಕೇಳಿದವರಿಗೆ "ತೀರೇತಿ" ಅನ್ನುತ್ತಿದ್ದರು. ವರ್ಷಗಟ್ಟಲೆ ಅದು ತೀರಿಯೇ ಇತ್ತು.

ಮಿಲಿಟ್ರಿ ಕ್ಯಾಂಟೀನಿನ ಸಾಮಾನೂ ಅಷ್ಟೇ. ಮಾಜಿ ಸೈನಿಕರ ಕಾರ್ಡಿನ ಮೇಲೆ ಸಿಗುವ ಸಾಬೂನು, ಮಿಕ್ಸರು ಮತ್ತು ಮುಖ್ಯವಾಗಿ ಬಾಟ್ಲಿಗಾಗಿ ಊರಿನ ದೊಡ್ಡ ದೊಡ್ಡವರೆಲ್ಲ ಅವರ ಹತ್ತಿರ ಬಂದು ಹಲ್ಲು ಕಿರಿಯುತ್ತಿದ್ದರು. ನಮ್ಮ ಕಡೆ ಸೈನಿಕರ ಮೇಲಿನ ಗೌರವದಲ್ಲಿ ಅರ್ಧ ಭಾಗ ಈ ಬಾಟ್ಲಿಯ ಮೇಲಿನ ಗೌರವ, ಸುಳ್ಳು ಯಾಕೆ ಹೇಳಲಿ :-) ಕಾಕಾ ಕೊಡುತ್ತಿರಲಿಲ್ಲ. ಕಾರ್ಡಿನದು ಮನೆಗೆ, ಅಂಗಡಿಯದು ಅಂಗಡಿಗೆ. ಒಂದು ಸಾಬೂನೂ ಈ ಕಡೆಯಿಂದ ಆ ಕಡೆ ಹೋಗಲಿಲ್ಲ.

ಟೆಲಿಫೋನು ಇಲ್ಲದ ಕಾಲದಲ್ಲಿ ಅಂಗಡಿಯಲ್ಲಿ ಒಂದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಇತ್ತು. ಓಣಿಯ ಅಷ್ಟೂ ಮನೆಗೂ ಅದೇ ಪಿಪಿ ನಂಬರು. ಪುಣೆಯಿಂದ, ಗೋವಾದಿಂದ, ಬೆಂಗಳೂರಿನಿಂದ ಫೋನು ಬಂದರೆ ಕಾಕಾ ಬರೆದಿಟ್ಟುಕೊಂಡು, ಅಂಗಡಿಗೆ ಕಾಕುವನ್ನು ಕೂರಿಸಿ, ಸ್ವತಃ ಮನೆಗೆ ಹೋಗಿ ಹೇಳಿ ಬರುತ್ತಿದ್ದರು. ಕೆಟ್ಟ ಸುದ್ದಿ ಇದ್ದರೆ ಮಾತ್ರ ಬರೆದ ಚೀಟಿ ಕೊಡುತ್ತಿರಲಿಲ್ಲ. ಒಳಗೆ ಹೋಗಿ ಕೂತು, ನೀರು ಕೇಳಿ ಕುಡಿದು, ಆಮೇಲೆ ಹೇಳುತ್ತಿದ್ದರು. ಬ್ಯಾಂಕಿನ ಚಲನ್ನು, ಮನಿಯಾರ್ಡರು, ಹುಡುಗರ ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಅಲ್ಲೇ ತುಂಬಿಸಿಕೊಳ್ಳುತ್ತಿದ್ದೆವು. ಹಿಂದಿ, ಮರಾಠಿ, ಕೆಲಸಕ್ಕೆ ಸಾಲುವಷ್ಟು ಇಂಗ್ಲಿಷು, ಮೂರೂ ಅವರಿಗೆ ಸೈನ್ಯ ಕಲಿಸಿತ್ತು.

ಮರಾಠಿ ಅಂದೆನಲ್ಲ, ಅದರದ್ದೊಂದು ಮಾತು. 1922ರಿಂದ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಅದರಲ್ಲಿ ಹೆಚ್ಚಿನವರು ಮಹಾರಾಷ್ಟ್ರದವರಾದರೂ ನಮ್ಮ ಕಡೆಯ ಕನ್ನಡದ ಹುಡುಗರೂ ಇರುತ್ತಾರೆ. ಗಡಿ ತಂಟೆ ಎದ್ದು ಬಸ್ಸುಗಳಿಗೆ ಮಸಿ ಬಳಿಯುವ ಸೀಜನ್ನಿನಲ್ಲಿ ಕಾಕಾನಿಗೆ ಬಹಳ ಬೇಜಾರಾಗುತ್ತಿತ್ತು. ಅವರ ಜತೆ ಒಂದೇ ಕಂದಕದಲ್ಲಿ ಮಲಗಿದವರು ಸಾತಾರಾ, ಕೊಲ್ಹಾಪುರದವರು. ಕನ್ನಡ ಬಿಟ್ಟುಕೊಟ್ಟವರೂ ಅಲ್ಲ. ಅಂಗಡಿಯ ಬೋರ್ಡು, ಲೆಕ್ಕ, ಪುಸ್ತಕ ಎಲ್ಲ ಅಚ್ಚ ಕನ್ನಡ. "ಭಾಷಾ ಬ್ಯಾರೆ, ಜಗಳಾ ಬ್ಯಾರೆ" ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತಿದ್ದರು.

ಈಗ ಉದ್ರಿ ಪುಸ್ತಕಕ್ಕೆ ಬರುತ್ತೇನೆ.

ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಓಣಿಯ ಒಂದೊಂದು ಮನೆಗೆ ಒಂದೊಂದು ಪುಟ. ಉದ್ರಿ ಕೊಡುವುದರಲ್ಲೂ ಕಾಕಾನ ಕೆಲವು ಕಾನೂನು ಇದ್ದವು. ಬೀಡಿ ಸಿಗರೇಟಿಗೆ ಉದ್ರಿ ಇಲ್ಲ. ನೋಟ್‌ಬುಕ್ಕು, ಪೆನ್ನು, ಕೂಸಿನ ಹಾಲಿನಪುಡಿಗೆ ಎಷ್ಟು ಬಾಕಿ ಇದ್ದರೂ ಇಲ್ಲ ಅನ್ನುವುದಿಲ್ಲ. ರೊಕ್ಕದ ದರ ಒಂದು, ಉದ್ರಿ ದರ ಒಂದು ಅಂತ ಇಲ್ಲ. ಮತ್ತು ಬಹಳ ಮುಖ್ಯವಾದದ್ದು, ಯಾರ ಬಾಕಿಯನ್ನೂ ಇನ್ನೊಬ್ಬರ ಎದುರಿಗೆ ಕೇಳುವುದಿಲ್ಲ. ಅಪ್ಪನ ಬಾಕಿಯನ್ನು ಅಂಗಡಿಗೆ ಬಂದ ಮಗನ ಎದುರಿಗಂತೂ ಎತ್ತುವುದೇ ಇಲ್ಲ. ನಾವು ಹುಡುಗರು ಚೀಟಿ ಹಿಡಿದು ಹೋದಾಗ ನಮ್ಮ ಮನೆಯ ಪುಟ ತುಂಬಿದೆಯೋ ಖಾಲಿ ಇದೆಯೋ ಅವರ ಮುಖ ನೋಡಿ ಹೇಳಲಿಕ್ಕೇ ಆಗುತ್ತಿರಲಿಲ್ಲ. ತೂಗಿ ಕೊಟ್ಟು, ಮೇಲೊಂದು ಪೆಪ್ಪರಮೆಂಟು ಇಟ್ಟು, "ಹುಷಾರ್ ಹೋಗು" ಅನ್ನುತ್ತಿದ್ದರು, ಎಲ್ಲರಿಗೂ ಒಂದೇ ಥರ.

ಉದ್ರಿ ಅಂಗಡಿಗಳನ್ನೆಲ್ಲ ನಾನು ಹೊಗಳಲು ಹೊರಟಿಲ್ಲ. ಉದ್ರಿ ಕೊಟ್ಟು ದರ ಏರಿಸಿ, ಸುಗ್ಗಿಯಲ್ಲಿ ಜೋಳವನ್ನೋ ಹತ್ತಿಯನ್ನೋ ಅವರು ಹೇಳಿದ ರೇಟಿಗೆ ಅಳೆದುಕೊಳ್ಳುವ ಅಂಗಡಿಕಾರರನ್ನೂ ನಮ್ಮ ಹಳ್ಳಿಗಳು ಕಂಡಿವೆ. ಉದ್ರಿ ಅನ್ನುವುದು ಒಂದು ಕುಣಿಕೆಯೂ ಆಗಬಹುದು. ಅದು ಗೊತ್ತಿರುವುದರಿಂದಲೇ ಕಾಕಾ ಮಾಡಿದ್ದು ದೊಡ್ಡದು ಅನ್ನಿಸುತ್ತದೆ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಮರುದಿನದಿಂದ ಓಣಿಯಲ್ಲಿ ಯಾರ ಕೈಯಲ್ಲೂ ಚಿಲ್ಲರೆ ಇಲ್ಲ. ಕೂಲಿಯವರಿಗೆ ಕೂಲಿ ಇಲ್ಲ. ಕಾಕಾ ಹೊಸದೊಂದು ಪುಸ್ತಕ ತೆಗೆದು ಕೂತರು. "ರೊಕ್ಕ ಬಂದ ಮ್ಯಾಲೆ ಕೊಡ್ರಿ, ಈಗ ಒಲಿ ಹಚ್ರಿ." 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗಲೂ ಹಾಗೇ. ಬೆಂಗಳೂರಿನಿಂದ ಕೆಲಸ ಬಿಟ್ಟು ವಾಪಸ್ಸು ಬಂದ ಮನೆಗಳನ್ನು ಮೊದಲ ದಿನಗಳಲ್ಲಿ ಜನ ದೂರ ಇಟ್ಟಿದ್ದರು, ಎಲ್ಲ ಕಡೆ ಆದ ಹಾಗೆ. ಕಾಕಾ ಎಪ್ಪತ್ತರ ವಯಸ್ಸಿನಲ್ಲಿ ಮುಖಕ್ಕೆ ಟವೆಲ್ ಕಟ್ಟಿಕೊಂಡು ಆ ಮನೆಗಳ ಕಟ್ಟೆಯ ಮೇಲೆ ಚೀಲ ಇಟ್ಟು ಬರುತ್ತಿದ್ದರು. ಅವರ ಮಗ ಪುಣೆಯಿಂದ ಫೋನಿನಲ್ಲಿ ಬೈದನಂತೆ. "ಡ್ಯೂಟಿ" ಅಂದರಂತೆ.

ಇಷ್ಟನ್ನೇ ಹೇಳಿ 'ಎಂಥ ದೊಡ್ಡ ಮನಸ್ಸು' ಅಂತ ಮುಗಿಸಿಬಿಡಬಹುದು. ಎಲ್ಲರೂ ಮುಗಿಸುವುದು ಹಾಗೇ. ಆದರೆ ಮನಸ್ಸು ದೊಡ್ಡದಿದ್ದ ಮಾತ್ರಕ್ಕೆ ಕಿರಾಣಿ ಅಂಗಡಿ ನಡೆಯುವುದಿಲ್ಲ. ಮಾರುವವನು ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ವಾರ ವಾರ ರೊಕ್ಕ ಕಟ್ಟಬೇಕು. ಅವನ ಹತ್ತಿರ "ಬಂದಾಗ ಕೊಡ್ತೀನಿ" ನಡೆಯುವುದಿಲ್ಲ. ಒಳ್ಳೆಯ ಮನಸ್ಸಿನ ಎಷ್ಟೋ ಅಂಗಡಿಗಳು ಉದ್ರಿಯಿಂದಲೇ ಮುಚ್ಚಿವೆ. ಕಾಕಾನದು ಯಾಕೆ ಮುಚ್ಚಲಿಲ್ಲ?

ಒಮ್ಮೆ ಇದನ್ನೇ ಕೇಳಿದ್ದೆ. ನಕ್ಕು ಹೇಳಿದರು, "ಒಂದನೇ ತಾರೀಖಿಗೆ ಸರ್ಕಾರ ನನಗ ಕೊಡತೈತಲ್ಲೋ. ಹಂಗಾಗಿ ನಾನು ಮಂದೀನ ತಡೀಬಲ್ಲೆ."

ಪಿಂಚಣಿ! ನಮ್ಮ ಓಣಿಯ ಉದ್ರಿ ಪುಸ್ತಕ ನಿಂತಿದ್ದು ಕಾಕಾನ ಪಿಂಚಣಿಯ ಮೇಲೆ. ದೊಡ್ಡ ಮೊತ್ತವಲ್ಲ. ಎಂಬತ್ತರ ದಶಕದಲ್ಲಿ ಬಂದ ಜವಾನರ, ಹವಾಲ್ದಾರರ ಪಿಂಚಣಿ ಕೇಳಿದರೆ ಇವತ್ತಿನ ಹುಡುಗರು ನಗುತ್ತಾರೆ. ಆದರೆ ತಿಂಗಳಿಗೊಮ್ಮೆ ಖಚಿತವಾಗಿ ಬರುತ್ತಿತ್ತು. ಮನೆಯ ಗಂಜಿ ಅದರಲ್ಲಿ ನಡೆಯುತ್ತಿತ್ತು. ಹಾಗಾಗಿ ಅಂಗಡಿಯ ದುಡ್ಡು ನಾಲ್ಕು ತಿಂಗಳು ತಡವಾದರೆ ಅವರ ಮನೆಯ ಒಲೆ ಆರುತ್ತಿರಲಿಲ್ಲ. ಸುಗ್ಗಿಯವರೆಗೆ ಕಾಯುವ ತಾಳ್ಮೆ ಅಲ್ಲಿಂದ ಬಂದದ್ದು. ಹದಿನೇಳು ವರ್ಷದ ಸೇವೆಗೆ ದೇಶ ಕೊಟ್ಟ ರೊಕ್ಕ, ಕಾಕಾನ ಕೈಯಿಂದ ನಲವತ್ತು ವರ್ಷ ನಮ್ಮ ಓಣಿಯ ಅಡುಗೆಮನೆಗಳಿಗೆ ಹೋಯಿತು. ಮನಸ್ಸು ಕಾಕಾನದೇ, ಅನುಮಾನವಿಲ್ಲ. ಅದೇ ಪಿಂಚಣಿಯಲ್ಲಿ ಅವರು ಬಡ್ಡಿ ವ್ಯವಹಾರವನ್ನೂ ಮಾಡಬಹುದಿತ್ತು. ಆದರೆ ಮನಸ್ಸಿಗೆ ಕಾಲೂರಲು ಒಂದು ನೆಲ ಬೇಕು. ಆ ನೆಲ ಪಿಂಚಣಿ.

ಪಿಂಚಣಿ ಅಂದರೆ ಖಜಾನೆಗೆ ಭಾರ ಅಂತ ಟೀವಿಯಲ್ಲಿ, ಪೇಪರಿನಲ್ಲಿ ಮಾತಾಡುವಾಗ ಈ ಲೆಕ್ಕ ಯಾರೂ ಹೇಳುವುದಿಲ್ಲ. 2015ರಲ್ಲಿ ಮಾಜಿ ಸೈನಿಕರು ಎದೆಯ ಮೇಲೆ ಪದಕ ತೂಗಿಸಿಕೊಂಡು ದೆಹಲಿಯ ಜಂತರ್ ಮಂತರಿನಲ್ಲಿ ಕೂತಿದ್ದರು, 'ಒಂದು ಹುದ್ದೆ ಒಂದು ಪಿಂಚಣಿ' ಬೇಕು ಅಂತ. ಒಂದೇ ಹುದ್ದೆ, ಅಷ್ಟೇ ವರ್ಷ ಸೇವೆ ಇದ್ದರೂ ಮೊದಲು ನಿವೃತ್ತರಾದವರಿಗೆ ಕಡಿಮೆ, ಆಮೇಲೆ ಆದವರಿಗೆ ಹೆಚ್ಚು. ಇದು ಸರಿಯಾಗಬೇಕು ಅನ್ನುವುದೇ ಬೇಡಿಕೆ. ಆ ವರ್ಷದ ನವೆಂಬರ್ 7ರಂದು ಆದೇಶ ಬಂತು, 2014ರ ಜುಲೈ 1ರಿಂದ ಲೆಕ್ಕ ಹಾಕಿ ಕೊಟ್ಟರು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂತ ಆಯಿತು. ಅವರು ಕೇಳಿದಷ್ಟೂ ಸಿಗಲಿಲ್ಲ. ಆಗ ನಮ್ಮೂರಿನ ಕಟ್ಟೆಯ ಮೇಲೆ, "ಇವ್ರಿಗೆ ಎಷ್ಟ್ ಕೊಟ್ರೂ ಸಾಲೂದಿಲ್ಲ ಬಿಡ್ರಿ" ಅಂದವರಿದ್ದರು. ಹಾಗಂದವರ ಹೆಸರಿನ ಪುಟಗಳೂ ಆ ಕೆಂಪು ಪುಸ್ತಕದಲ್ಲಿ ಇದ್ದವು. ಬಾಕಿ ಬಂದಮೇಲೆ ಕಾಕಾ ಮಾಡಿದ ಮೊದಲ ಕೆಲಸ ಸಗಟು ವ್ಯಾಪಾರಿಯ ಲೆಕ್ಕ ಚುಕ್ತಾ ಮಾಡಿದ್ದು.

ಇದನ್ನು ಇವತ್ತು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಬಸ್ಸಿಳಿಯುವವರು ಬೇರೆ ಥರದವರು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾಯಿತು. ನಾಲ್ಕು ವರ್ಷದ ಸೇವೆ. ಘೋಷಿಸಿದಾಗ ಹೇಳಿದ ಪ್ರಕಾರ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ರೂಪಾಯಿ ಒಂದೇ ಸಲ, ಪಿಂಚಣಿ ಇಲ್ಲ. ಮೊದಲ ತಂಡಗಳು 2022ರ ಕೊನೆ, 2023ರ ಆರಂಭದಲ್ಲಿ ತರಬೇತಿಗೆ ಹೋದವು. ನಾಲ್ಕು ವರ್ಷ ಅಂದರೆ 2026ರ ಕೊನೆ, 2027ರ ಆರಂಭ. ಇಪ್ಪತ್ತೆರಡು ಇಪ್ಪತ್ತೈದರ ಹುಡುಗರು ವಾಪಸ್ಸು ಬರುತ್ತಾರೆ.

ಯೋಜನೆಯ ಪರವಾಗಿರುವವರ ವಾದವೂ ನನಗೆ ಗೊತ್ತು. ಸೈನ್ಯದ ಸರಾಸರಿ ವಯಸ್ಸು ಇಳಿಯಬೇಕು, ರಕ್ಷಣಾ ಬಜೆಟ್ಟಿನಲ್ಲಿ ಸಂಬಳ ಪಿಂಚಣಿಗೇ ದೊಡ್ಡ ಪಾಲು ಹೋದರೆ ಹೊಸ ಆಯುಧಕ್ಕೆ ಉಳಿಯುವುದಿಲ್ಲ. ತೆಗೆದುಹಾಕುವಂಥ ಮಾತಲ್ಲ. ಆದರೆ ಖರ್ಚಿನ ಕಾಲಮ್ಮಿನಲ್ಲಿ ಪಿಂಚಣಿ ಬರೆದವರು, ಅದರಿಂದ ಊರೂರಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಎದುರಿನ ಕಾಲಮ್ಮಿನಲ್ಲಿ ಬರೆಯಲಿಲ್ಲ ಅನ್ನುವುದು ನನ್ನ ತಕರಾರು. ಹನ್ನೊಂದು ಲಕ್ಷದಲ್ಲಿ ಒಂದು ಅಂಗಡಿ ಇಡಬಹುದು, ಒಳ್ಳೆಯ ಅಂಗಡಿಯನ್ನೇ ಇಡಬಹುದು. ಆದರೆ ಆ ಹುಡುಗ ಉದ್ರಿ ಕೊಡಲಾರ. ಕೊಟ್ಟರೆ ಆರು ತಿಂಗಳಲ್ಲಿ ಮುಚ್ಚುತ್ತಾನೆ. ಅವನ ಮನಸ್ಸು ಕಾಕಾನಷ್ಟೇ ದೊಡ್ಡದಿರಬಹುದು, ಅದಕ್ಕೆ ಕಾಲೂರುವ ನೆಲ ಇರುವುದಿಲ್ಲ. ಆಗ ನಾವು, "ಮೊದಲಿನವರ ಥರ ಈಗಿನವರಿಲ್ಲ" ಅಂತ ಅವನನ್ನೇ ದೂರುತ್ತೇವೆ, ನೋಡಿ ಬೇಕಾದರೆ.

"ಈಗ ಉದ್ರಿ ಯಾರಿಗೆ ಬೇಕು, ಫೋನ್ ಒತ್ತಿದರೆ ಸಾಮಾನು ಮನೆಗೆ ಬರುತ್ತದೆ" ಅಂತ ಕೆಲವರು ಕಾಮೆಂಟು ಹಾಕುತ್ತೀರಿ, ಗೊತ್ತು. ಪಟ್ಟಣದಲ್ಲಿರುವಾಗ ನಾನೂ ಒತ್ತುತ್ತೇನೆ. ಆದರೆ ಮೊದಲು ರೊಕ್ಕ ಇದ್ದವರಿಗೆ ಮಾತ್ರ ಆ ಗುಂಡಿ ಕೆಲಸ ಮಾಡುತ್ತದೆ. ತಿಂಗಳ ಕೊನೆಯ ವಾರ ಕೂಲಿ ಸಿಗದ ಮನೆಗೆ, "ಇರ್ಲಿ ತಗೊಂಡ್ ಹೋಗವ್ವಾ" ಅನ್ನುವ ಮುಖ ಯಾವ ಫೋನಿನಲ್ಲೂ ಇಲ್ಲ. ಫೋನಿನಲ್ಲಿ ಸಿಗುವ ಸಾಲದವರು ಬಾಕಿ ಉಳಿದರೆ ನಿಮ್ಮ ಫೋನಿನಲ್ಲಿರುವ ನೆಂಟರಿಗೆಲ್ಲ ಕರೆ ಮಾಡಿ ಮಾನ ತೆಗೆದ ಸುದ್ದಿ ಎಷ್ಟು ಸಲ ಓದಿಲ್ಲ? ಮಗನ ಎದುರಿಗೆ ಅಪ್ಪನ ಬಾಕಿ ಎತ್ತದ ಕಾಕಾನ ಜತೆ ಇದನ್ನು ಹೋಲಿಸಿ ನೋಡಿ.

ಈಗ ನಮ್ಮೂರಿನಲ್ಲಿ ನಡೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಹುಡುಗರು ಸೇರಿ ಬಸ್‌ಸ್ಟ್ಯಾಂಡಿನ ಹತ್ತಿರ ದೊಡ್ಡ ಫ್ಲೆಕ್ಸು, ಆಮೇಲೆ ರೊಕ್ಕ ಕೂಡಿದರೆ ಒಂದು ಪುತ್ಥಳಿ ಮಾಡಿಸಬೇಕು ಅಂತ ಪಟ್ಟಿ ಎತ್ತುತ್ತಿದ್ದಾರೆ. ಅದೇ ಹೊತ್ತಿಗೆ ಆ ಕೆಂಪು ಪುಸ್ತಕ ಕಾಕುವಿನ ಟ್ರಂಕಿನಲ್ಲಿದೆ. ಹಿಂದಿನ ನಾಲ್ಕೈದು ವರ್ಷದ ಬಾಕಿ ಅದರಲ್ಲಿ ಹಾಗೇ ಇದೆ. ಮಗ ಬಂದಾಗ ಒಂದು ದಿನ ಕೂತು ಕೂಡಿಸಲು ನೋಡಿದನಂತೆ. ಕಾಕು ಬಿಡಲಿಲ್ಲ. ಹೆಸರು ಓದಬೇಡ, ಅವರು ಇದ್ದಾಗ ಓದಿಲ್ಲ, ಈಗಲೂ ಓದುವುದು ಬೇಡ ಅಂದರಂತೆ. ಕೊಡುವವರು ತಾವಾಗಿ ಬಂದು ಕೊಡಲಿ, ಇಲ್ಲದಿದ್ದರೆ ಇಲ್ಲ.

ಕಾಕುವಿನ ಸ್ಥಿತಿ ಏನು ಅಂದರೆ, ಅವರ ಕುಟುಂಬ ಪಿಂಚಣಿ ಇನ್ನೂ ಶುರುವಾಗಿಲ್ಲ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇದೆಯಲ್ಲ. ಸೈನ್ಯದ ದಾಖಲೆಯಲ್ಲಿ ಬರೆಸಿದ್ದು ಗಂಡನ ಮನೆಯ ಹೆಸರು, ಆಧಾರಿನಲ್ಲಿರುವುದು ತವರಿನ ಹೆಸರು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ಟು, ಫೋಟೋ, ಸಹಿ, ಮತ್ತೆ ಸಹಿ. ಎಪ್ಪತ್ತರ ಹತ್ತಿರದ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಬಸ್ಸು ಹತ್ತಿ ಹೋಗುತ್ತಾರೆ, ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಕಳಿಸುತ್ತಾರೆ, ವಾಪಸ್ಸು ಬರುತ್ತಾರೆ. ಇದು ನಮ್ಮ ಕಾಕುವೊಬ್ಬರ ಕಥೆ ಅಲ್ಲ ಅನ್ನುವುದು ಸೈನಿಕರ ಮನೆಯವರಿಗೆಲ್ಲ ಗೊತ್ತು. ಹುಟ್ಟಿದ ತಾರೀಖು ತಪ್ಪು, ಒಂದು ಅಕ್ಷರ ಹೆಚ್ಚುಕಮ್ಮಿ, ಇಷ್ಟಕ್ಕೇ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಊರವರ ಅರ್ಜಿಗಳನ್ನು ನಲವತ್ತು ವರ್ಷ ತುಂಬಿಕೊಟ್ಟ ಮನುಷ್ಯನ ಹೆಂಡತಿಯ ಅರ್ಜಿ ತುಂಬಲು ಊರಲ್ಲಿ ಜನ ಇಲ್ಲವೇ?

ನನ್ನ ಅಭಿಪ್ರಾಯ ಇಷ್ಟೇ, ಊರಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಫ್ಲೆಕ್ಸು ಬೇಡ. ಪುತ್ಥಳಿಯೂ ಬೇಡ. ಪಟ್ಟಿ ಎತ್ತಲು ಹೊರಟವರು ಮೊದಲು ತಮ್ಮ ತಮ್ಮ ಮನೆಯಲ್ಲಿ ಕೇಳಿ, ಕಾಕಾನ ಅಂಗಡಿಯ ಬಾಕಿ ಎಷ್ಟಿದೆ ಅಂತ. ನೆನಪಿದ್ದಷ್ಟನ್ನು ಒಂದು ಲಕೋಟೆಯಲ್ಲಿ ಹಾಕಿ ಕಾಕುವಿಗೆ ಕೊಟ್ಟು ಬನ್ನಿ. ಒಬ್ಬೊಬ್ಬರೇ ಹೋಗಿ, ಗುಂಪಾಗಿ ಬೇಡ, ಫೋಟೋ ಬೇಡ. ನಿಜವಾಗಲೂ ಕೊಡಲು ಆಗದವರು ಹೋಗಿ ಹಾಗಂತ ಹೇಳಿ ಬಂದರೂ ಸಾಕು, ಕಾಕಾ ಅದನ್ನೇ ಕೇಳುತ್ತಿದ್ದದ್ದು. ಎರಡನೆಯದು, ಕಂಪ್ಯೂಟರ್ ಗೊತ್ತಿರುವ ಇಬ್ಬರು ಹುಡುಗರು ಕಾಕುವಿನ ಕಾಗದಪತ್ರದ ಕೆಲಸ ವಹಿಸಿಕೊಳ್ಳಿ, ಪಿಂಚಣಿ ಬರುವವರೆಗೂ ಬಿಡಬೇಡಿ. ಧ್ವಜದ ವಿಷಯಕ್ಕೆ ಕೂಗಾಡಿದ ಹುಡುಗ ಇದಕ್ಕೆ ತಕ್ಕವನು ಅಂತ ನನಗೆ ಅನ್ನಿಸುತ್ತದೆ. ಅವನಿಗೆ ಕೇಳಿದ್ದೇನೆ, ಹ್ಞೂಂ ಅಂದಿದ್ದಾನೆ. ಕಳೆದ ಸೋಮವಾರ ಕಾಕುವನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿದ್ದ ಅಂತ ಸುದ್ದಿ. ಬಾಕಿಯ ವಿಷಯದಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ಆಗಲಿ.

ಮೂರನೆಯದು ನಿಮಗೆ, ಇದನ್ನು ಓದುತ್ತಿರುವ ಬ್ಲಾಗಿಗ ಗೆಳೆಯರಿಗೆ. ಕೊಡಗಿನಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ಮ್ಯೂಸಿಯಂ ಆಯಿತು, ಬಹಳ ಒಳ್ಳೆಯದಾಯಿತು. ಹವಾಲ್ದಾರರಿಗೆ, ಲಾನ್ಸ್ ನಾಯಕರಿಗೆ ಮ್ಯೂಸಿಯಂ ಆಗುವುದಿಲ್ಲ. ಆಗಲಿ ಅಂತಲೂ ನಾನು ಕೇಳುವುದಿಲ್ಲ. 1965, 1971ನ್ನು ಕಂಡವರಲ್ಲಿ ಇವತ್ತು ಎಪ್ಪತ್ತು ದಾಟದವರು ಇಲ್ಲವೇ ಇಲ್ಲ. ನಿಮ್ಮೂರಿನಲ್ಲೂ ಒಬ್ಬರು ಇರುತ್ತಾರೆ. ಹಿಟ್ಟಿನ ಗಿರಣಿ ಇಟ್ಟವರೋ, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತವರೋ, ಶಾಲೆ ಹುಡುಗರಿಗೆ ಡ್ರಿಲ್ ಹೇಳಿಕೊಡುತ್ತಿದ್ದವರೋ. ಹೋಗಿ ಮಾತಾಡಿಸಿ. ಎಷ್ಟು ವೈರಿಗಳನ್ನು ಕೊಂದಿರಿ ಅಂತ ಕೇಳಬೇಡಿ. ವಾಪಸ್ಸು ಬಂದಮೇಲೆ ಏನು ಮಾಡಿದಿರಿ ಅಂತ ಕೇಳಿ. ಅವರು ಇರುವಾಗಲೇ ಬರೆಯಿರಿ. ಮನೆಯವರ ದಾಖಲೆಗಳಲ್ಲಿ ಹೆಸರು ಸರಿ ಇದೆಯಾ ಅಂತ ಒಂದು ಮಾತು ಕೇಳಿಬಿಡಿ, ಅವರು ಇರುವಾಗ ಅದನ್ನು ಸರಿ ಮಾಡಿಸುವುದು ಸುಲಭ.

ಬರೆದರೆ ಕೆಳಗೆ ಕೊಂಡಿ ಹಾಕಿ, ನಾನು ಖಂಡಿತ ಬಂದು ಓದುತ್ತೇನೆ. ಪಿಂಚಣಿಯ ಬಗ್ಗೆ ನಾನು ಹೇಳಿದ್ದಕ್ಕೆ ಒಪ್ಪದವರೂ ಬರೆಯಿರಿ. ಏನಂತೀರಿ?